ಅಣ್ಣನಲ್ಲದವನ ರಕ್ತ

ಪ್ರಮೀಳಾ ಮಿಸ್,

ನಿಮ್ಮ ಮೇಲೆ ನನಗೆ ಕೋಪ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬರುವುದಿಲ್ಲ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಅನ್ನುತ್ತಾಳೆ ನಮ್ಮವ್ವ. ಬದುಕಿರುವವರಾದರೆ ಎದುರು ಮಾತಾಡಿಯಾದರೂ ತೀರಿಸಿಕೊಳ್ಳುತ್ತಾರೆ, ಸತ್ತವರು ಪಾಪ ಏನು ಮಾಡಿಯಾರು ಅಂತ ಅವಳ ವಾದ. ನೀವು ಸತ್ತ ಮೇಲೂ ಸುಮ್ಮನಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಇವತ್ತು ಭಾನುವಾರ. ಪಾಂಡವಪುರದ ನಮ್ಮ ಹೈಸ್ಕೂಲಿನಲ್ಲಿ ಯಾರೂ ಇಲ್ಲ. ಚೆಂಡು, ಹಗ್ಗ, ಡಂಬೆಲ್ಸು ತುಂಬಿರುವ ನನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಮೈದಾನ, ಮೈದಾನದಾಚೆ ನಿಮ್ಮ ಸೈನ್ಸ್ ಲ್ಯಾಬಿನ ಕಿಟಕಿ. ನಿನ್ನೆ ಶಾಲೆ ಬಿಟ್ಟ ಮೇಲೆ ನಾನೇ ಚಿಲಕ ಹಾಕಿ ಹೋದದ್ದು. ಈಗ ತೆರೆದಿದೆ. ಜವಾನ ನರಸಯ್ಯನನ್ನು ಕೇಳಿದರೆ, "ಮರ ಕುಗ್ಗೋಗದೆ ಸಾ, ಗಾಳಿ ಬೀಸುದ್ರೆ ಚಿಲ್ಕ ನಿಲ್ಲಾಕಿಲ್ಲ" ಅನ್ನುತ್ತಾನೆ. ಇರಬಹುದು. ಆದರೆ ಹುಡುಗರಿಗೆ ಕಬಡ್ಡಿ ಆಡಿಸುವಾಗ ನೀವು ಆ ಕಿಟಕಿಯಲ್ಲಿ ಮೊಣಕೈ ಊರಿ ನಿಂತು ನಗುತ್ತಿದ್ದಿರಲ್ಲ, ಅದೇ ಕಿಟಕಿ. ಬೇರೆ ಕಿಟಕಿಗಳ ಮರವೂ ಅಷ್ಟೇ ಹಳೆಯದು, ಅವು ತೆರೆದುಕೊಳ್ಳುವುದಿಲ್ಲ.

ನಿನ್ನೆ ಮತ್ತೆ ಮೈಸೂರಿಗೆ ಹೋಗಿ ಪ್ಲೇಟ್‌ಲೆಟ್ ಕೊಟ್ಟು ಬಂದೆ. ಯಾರಿಗೆ ಅಂತ ಕೇಳಲಿಲ್ಲ, ಈಗೀಗ ಕೇಳುವುದಿಲ್ಲ. ರಕ್ತನಿಧಿಯವರು ಫೋನ್ ಮಾಡುತ್ತಾರೆ, ಎರಡು ಇಡ್ಲಿ ತಿಂದು ಬಸ್ಸು ಹತ್ತುತ್ತೇನೆ. ಆ ಒರಗುಕುರ್ಚಿ, ಆ ಯಂತ್ರ, ಎಲ್ಲ ನಿಮಗೆ ಗೊತ್ತಿರುವುದೇ. ತೋಳಿನಿಂದ ರಕ್ತ ಎಳೆದುಕೊಂಡು ಗಿರಗಿರ ತಿರುಗಿಸಿ, ಬೇಕಾದ್ದನ್ನು ಬಸಿದುಕೊಂಡು, ಉಳಿದದ್ದನ್ನು ನನ್ನೊಳಕ್ಕೇ ವಾಪಸ್ ಬಿಡುತ್ತದೆ. ಮೇಲೆ ತೂಗುಬಿಟ್ಟ ಚೀಲದಲ್ಲಿ ತೆಳು ಹಳದಿ ನೀರು ತುಂಬುತ್ತ ಬರುತ್ತದೆ. ಅದೂ ರಕ್ತವೇ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ, ಮಜ್ಜಿಗೆಯ ಮೇಲಿನ ತಿಳಿ ಇದ್ದಹಾಗಿದೆ ಅನ್ನುತ್ತಾರೆ. ಅರ್ಧ ಚೀಲ ಆಗುವ ಹೊತ್ತಿಗೆ ತುಟಿ ಜುಮುಜುಮು ಅನ್ನುತ್ತದೆ. ವಾಪಸ್ ಬರುವ ರಕ್ತ ತಣ್ಣಗಿರುತ್ತದೆ, ಭುಜದವರೆಗೂ ಆ ತಂಪು ಹತ್ತುವುದು ಗೊತ್ತಾಗುತ್ತದೆ. ಆಗ ಪಕ್ಕದ ಖಾಲಿ ಕುರ್ಚಿಯಲ್ಲಿ ನೀವು ಕೂತಿರುತ್ತೀರಿ. ತಿರುಗಿ ನೋಡುವುದಿಲ್ಲ ನಾನು. ನೋಡಿದರೆ ಇರುವುದಿಲ್ಲ ಅಂತ ಗೊತ್ತು. ಸಿಸ್ಟರ್ ಬಂದು "ಸಾರ್, ಕಣ್ಣು ಬಿಡಿ, ತಲೆ ಸುತ್ತುತ್ತಾ?" ಅಂತ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ತಲೆ ಸುತ್ತುತ್ತಿಲ್ಲ ಅಂದರೂ ನಂಬುವುದಿಲ್ಲ.

ನನಗೂ ಮೊದಲು ಇದೇನೂ ಗೊತ್ತಿರಲಿಲ್ಲ. ಕಬಡ್ಡಿ ಕಲಿಸುವ ಡ್ರಿಲ್ ಮೇಷ್ಟ್ರಿಗೆ ಪ್ಲೇಟ್‌ಲೆಟ್ ಕಟ್ಟಿಕೊಂಡು ಏನು? ಆ ವರ್ಷ ಯುಗಾದಿ ಕಳೆದ ಮೇಲೆ ನಮ್ಮವ್ವ ಕರಿಘಟ್ಟದ ದೇವರಿಗೆ ಕೈಮುಗಿದು, ನಮ್ಮೂರಿಂದ ಕೃಷ್ಣರಾಜಪೇಟೆ ಬಸ್ಸು ಹಿಡಿದು, ಗೋವಿಂದನಹಳ್ಳಿ ಹತ್ತಿರದ ನಿಮ್ಮ ಊರಿಗೆ ಬಂದಿದ್ದಳು. ಹೆಣ್ಣು ಕೇಳಲು. ಜಾತಿ ಒಂದೇ, ಬೆಡಗು ಬೇರೆ, ಇಬ್ಬರಿಗೂ ಕೆಲಸ ಇದೆ, ಇನ್ನೇನು ಬೇಕು ಅಂತ ಅವಳ ಧೈರ್ಯ. ನಿಮ್ಮ ತಂದೆ ಹೋದ ಮೇಲೆ ನಿಮ್ಮನ್ನೂ ನಿಮ್ಮವ್ವನನ್ನೂ ಸಾಕಿದ ಸೋದರಮಾವ ಸೋಮಯ್ಯನವರು ಕಾಫಿ ಕೊಡಿಸಿ, "ಶ್ರಾವಣ ಬರ್ಲಿ, ಮಾತಾಡವ" ಅಂದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನೀವು ಉಪ್ಪುಖಾರ ಹಚ್ಚಿದ ಸೀಬೆಕಾಯಿಯ ಹೋಳೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದಿರಿ. ಆ ದಿನ ಹುಡುಗರನ್ನು ಯಾವ ತಪ್ಪಿಗೂ ಓಡಿಸಲಿಲ್ಲ ನಾನು.

ಶ್ರಾವಣಕ್ಕೆ ಮೊದಲೇ ನಿಮಗೆ ಕಾಯಿಲೆ ಬಂತು. ಬೋರ್ಡಿನ ಮೇಲೆ ಹೂವಿನ ಚಿತ್ರ ಬರೆಯುತ್ತಿದ್ದಾಗ ಮೂಗಿನಲ್ಲಿ ರಕ್ತ ಸೋರಿ, ಕೈ ತುಂಬ ಕೆಂಪು ಚುಕ್ಕೆ ಎದ್ದು, ನಾವೆಲ್ಲ ಡೆಂಗ್ಯೂ ಅಂದುಕೊಂಡೆವು. ಮೈಸೂರಿನ ಡಾಕ್ಟರು ರಕ್ತದ ಕ್ಯಾನ್ಸರ್ ಅಂದರು. ಔಷಧಿ ಕೊಟ್ಟಾಗ ಪ್ಲೇಟ್‌ಲೆಟ್ ನೆಲ ಕಚ್ಚುತ್ತದೆ, ಅದಿಲ್ಲದಿದ್ದರೆ ಒಳಗೊಳಗೇ ರಕ್ತ ಸೋರಿ ಜೀವ ಹೋಗುತ್ತದೆ, ಅದೇ ಗುಂಪಿನ ರಕ್ತದವರು ಬೇಕು ಅಂತ ನಿಮ್ಮವ್ವ ಯಶೋದಮ್ಮನವರು ಫೋನಿನಲ್ಲಿ ಅಳುತ್ತ ಹೇಳಿದಾಗ ನಾನು ಶೂ ಲೇಸು ಕೂಡ ಕಟ್ಟಿಕೊಳ್ಳದೆ ಹೊರಟೆ. ನನ್ನ ನರ ನೋಡಿ ಅಲ್ಲಿನ ಹುಡುಗಿ, "ಸಾರ್, ಹಗ್ಗ ಇದ್ದಂಗವೆ" ಅಂತ ಖುಷಿಪಟ್ಟಳು. ನನ್ನ ಜೀವನದಲ್ಲಿ ನನ್ನ ಮೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆ ಮಳೆಗಾಲವಿಡೀ ಕೊಟ್ಟೆ. ಸಂಕ್ರಾಂತಿಯ ಹೊತ್ತಿಗೆ ನೀವು ವಾಸಿಯಾಗಿ, ತಲೆಗೆ ಬಟ್ಟೆ ಸುತ್ತಿಕೊಂಡು, ಆಸ್ಪತ್ರೆಯ ಮೆಟ್ಟಿಲಿಳಿದು ಬಂದಿರಿ. ನಾನು ಆಟೋ ಹಿಡಿದು ನಿಂತಿದ್ದೆ.

ನಮ್ಮವ್ವ ಮತ್ತೆ ಹೆಣ್ಣು ಕೇಳಲು ಹೋದಳು. ಸೋಮಯ್ಯನವರು ಈ ಸಲವೂ ಕಾಫಿ ಕೊಡಿಸಿದರು. ಆಮೇಲೆ, "ಆಗಾಕಿಲ್ಲ ಕಣಮ್ಮ, ತಪ್ಪು ತಿಳ್ಕಬ್ಯಾಡಿ. ನಿಮ್ಮ ಮಗನ ರಕ್ತ ನಮ್ಮ ಮಗಿನ ಮೈಯಾಗೆ ಅರೀತಾ ಅದೆ. ರಕ್ತ ಕೊಟ್ಟೋನು ಒಡಹುಟ್ಟಿದೋನಾಗ್ಬುಟ್ಟ. ಅಣ್ಣನಿಗೆ ತಂಗೀನ ಕೊಡಾಕಾದದಾ?" ಅಂದರು. ವ್ಯಂಗ್ಯವಿಲ್ಲ, ಕೊಂಕಿಲ್ಲ. ಕಣ್ಣಲ್ಲಿ ನೀರಿತ್ತಂತೆ. ನನ್ನನ್ನು ಕರೆಸಿ, ಹೆಗಲ ಮೇಲೆ ಕೈಯಿಟ್ಟು, ಮನೆಮಗ ಅಂದರು. ಯಾರಾದರೂ ಕೆಟ್ಟ ಮನಸ್ಸಿನಿಂದ ತಡೆದಿದ್ದರೆ ಜಗಳವಾಡಬಹುದಿತ್ತು. ಕೈಮುಗಿಯುವವರ ಜೊತೆ ಹೇಗೆ ಜಗಳವಾಡುವುದು?

ನೀವು ನಕ್ಕಿರಿ. ಜೂನಿನಲ್ಲಿ ಶಾಲೆಗೆ ಬಂದ ದಿನವೇ, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ್ದು ನೋಡಿ, "ಸಾರ್, ನೀವು ನಂಗೆ ಅಣ್ಣ ಆಗಿದ್ದೀರಂತೆ, ಗೊತ್ತಾ?" ಅಂತ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿರಿ. ಆಮೇಲೆ ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದಿರಿ. "ಪ್ಲೇಟ್‌ಲೆಟ್ ಆಯಸ್ಸು ಒಂದು ವಾರ ಅಂತಿಟ್ಕೊಳ್ಳಿ. ವಾರ ಕಳೆದ್ರೆ ನಿಮ್ಮದು ಅನ್ನೋದು ಏನೂ ನನ್ನೊಳಗೆ ಇರಲ್ಲ. ಇಷ್ಟನ್ನ ಮಾವನ ತಲೇಲಿ ತುಂಬಬೇಕು, ಅವರು ಒಪ್ಪಿ ಧಾರೆ ಎರೀಬೇಕು, ಅಲ್ಲೀವರ್ಗೂ ಕಾಯ್ತೀರಾ?" ಕಾಯುತ್ತೇನೆ ಅಂದೆ. ಆ ಅರ್ಧ ವರ್ಷ ನನ್ನ ಬದುಕಿನ ಒಳ್ಳೆಯ ಕಾಲ. ಪ್ರತಿ ವಾರ ಊರಿಂದ ಬಂದು ವರದಿ ಒಪ್ಪಿಸುತ್ತಿದ್ದಿರಿ. ಮಾವ ಕೇಳಿಸಿಕೊಂಡರು, ಮಾವ ಎದ್ದು ಹೋದರು, ಮಾವ ಈ ಸಲ ಪೂರ್ತಿ ಕೂತಿದ್ದರು.

ಪೂರ್ತಿ ಕೂತರೂ ಒಪ್ಪುವ ಮೊದಲೇ ಕಾಯಿಲೆ ಮರಳಿತು. ನಾನು ಎಂದಿನಂತೆ ತೋಳು ಮಡಚಿಕೊಂಡು ಹೋದೆ. ಕೆಳಗೆ ರಕ್ತ ಕೊಡುವ ಕೋಣೆಯಲ್ಲಿ ಕೂತಿದ್ದಾಗ ಮೇಲಿಂದ ಸಿಸ್ಟರ್ ಬಂದು ಮುಜುಗರದಿಂದ, "ಪೇಷಂಟು ನಿಮ್ಮದು ಬೇಡ ಅಂತಿದ್ದಾರೆ ಸಾರ್. ಬೇರೆ ಯಾರದಾದ್ರೂ ಹಾಕ್ಬೇಕಂತೆ" ಅಂದರು. ಅವಮಾನ ಆಯಿತು ಮಿಸ್, ಸುಳ್ಳು ಯಾಕೆ ಹೇಳಲಿ? ಆಮೇಲೆ ನೀವೇ ಫೋನ್ ಮಾಡಿದಿರಿ. ದನಿ ಒಣಗಿತ್ತು. "ನಿಮ್ಮದು ಇನ್ನೊಂದ್ಸಲ ಒಳಗೆ ಬಂದ್ರೆ ಮಾವ ಇನ್ನೊಂದು ಗಂಟು ಹಾಕ್ತಾರೆ. ವಾಸಿ ಆಗಿ ಬಂದ್ಮೇಲೆ ಅದನ್ನ ಬಿಚ್ಚೋಕೆ ನಂಗೆ ಶಕ್ತಿ ಇರಲ್ಲ ಸಾರ್. ನಿಮ್ಮ ಕಬಡ್ಡಿ ಹುಡುಗರನ್ನ ಕಳ್ಸಿ." ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡಿರಿ. ಬದುಕುತ್ತೇನೆ ಅನ್ನುವ ಧೈರ್ಯ ನಿಮಗಿನ್ನೂ ಇತ್ತು. ಹಾಗಾಗಿ ನಾನು ಒಪ್ಪಿದೆ.

ಕಳಿಸಿದೆ. ಶ್ರೀರಂಗಪಟ್ಟಣದಿಂದ, ನಾಗಮಂಗಲದಿಂದ, ಕೃಷ್ಣರಾಜಪೇಟೆಯಿಂದ, ನನ್ನ ಕೈಲಿ ಮೊಣಕಾಲು ತರಚಿಸಿಕೊಂಡು ಈಗ ಮೀಸೆ ಬಂದಿರುವ ಗಂಡಸರೆಲ್ಲ ಬಂದರು. ಗೂಡ್ಸ್ ಆಟೋ ಓಡಿಸುವ ಮಂಜುನಾಥನ ನೆನಪಿದೆಯಾ? ಏಳು ಜನ ಅಮರಿಕೊಂಡರೂ ಗೆರೆ ಮುಟ್ಟಿ ಬರುತ್ತಿದ್ದವನು. ಸೂಜಿ ನೋಡಿ ಕಣ್ಣು ಮೇಲೆ ಮಾಡಿ ಬಿದ್ದ. ಎಚ್ಚರವಾದ ಮೇಲೆ, "ಯಾರ್ಗೂ ಯೋಳ್ಬ್ಯಾಡಿ ಸಾ, ಇನ್ನೊಂದು ವಾರ ಬುಟ್ಟು ಬತ್ತೀನಿ, ಕೊಟ್ಟೇ ವೋಗದು" ಅಂದ, ಮಾತಿನಂತೆ ಬಂದು ಕೊಟ್ಟ. ಇದನ್ನು ನಿಮಗೆ ಫೋನಿನಲ್ಲಿ ಹೇಳಿದಾಗ ನಕ್ಕಿರಿ. ನಗುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತಂತೆ, ನಿಮ್ಮವ್ವ ಬೈದದ್ದು ಕೇಳಿಸಿತು. ಹುಡುಗರು ಒಳಗೆ ಹೋಗಿ ಕೊಟ್ಟು ಬರುವಾಗ ನಾನು ಹೊರಗೆ ಬೆಂಚಿನ ಮೇಲೆ ನನ್ನ ತೋಳನ್ನೇ ನೋಡಿಕೊಂಡು ಕೂತಿರುತ್ತಿದ್ದೆ. ಹಗ್ಗದಂಥ ನರ, ಕೆಲಸವಿಲ್ಲದೆ.

ಆಮೇಲೆ ಯಾರದ್ದು ಹಾಕಿದರೂ ನಿಲ್ಲದಂತಾಯಿತು. ಸಂಜೆ ಹಾಕಿದರೆ ಬೆಳಿಗ್ಗೆಗೆ ಎಲ್ಲ ಕರಗಿಹೋಗುತ್ತಿತ್ತು. ನಿಮ್ಮ ಮೈ ಬೇರೆಯವರ ಪ್ಲೇಟ್‌ಲೆಟ್ಟನ್ನು ಹೊಡೆದು ಹಾಕುತ್ತಿದೆ ಅಂದರು ಡಾಕ್ಟರು. ತಾಳೆ ನೋಡಿಸಿದರೆ ಬಂದವರಲ್ಲೆಲ್ಲ ನನ್ನದೊಂದೇ ಹೊಂದುತ್ತಿತ್ತು. ಹೀಗೆ ಒಡಹುಟ್ಟಿದವರಲ್ಲಿ ಹೊಂದುವುದು ಜಾಸ್ತಿ, ಹೊರಗಿನವರಲ್ಲಿ ಅಪರೂಪ ಅಂತ ಅವರು ಅಂದದ್ದೇ ತಡ, ಸೋಮಯ್ಯನವರು ನನ್ನ ಕಡೆ ತಿರುಗಿ ಕೈಮುಗಿದರು. ಎಲ್ಲ ಸೇರಿ ನಮ್ಮಿಬ್ಬರ ಮೇಲೆ ಪಿತೂರಿ ಮಾಡಿದ ಹಾಗಿತ್ತು.

ಬಾಯಿಗೆ ಮಾಸ್ಕು ಕಟ್ಟಿಕೊಂಡು ನಿಮ್ಮ ವಾರ್ಡಿಗೆ ಬಂದೆ. ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ದಿಂಬಿನ ಮೇಲೆ ರಕ್ತದ ಕಲೆ. ಒಂದು ಕಡೆ ನಿಮ್ಮವ್ವ, ಇನ್ನೊಂದು ಕಡೆ ಸೋಮಯ್ಯನವರು. ಕೊಡಲೇ ಅನ್ನುವ ಹಾಗೆ ಷರಟಿನ ತೋಳು ಮಡಚಿ ತೋರಿಸಿದೆ. ನೀವು ನನ್ನನ್ನು ನೋಡಿದಿರಿ, ನಿಮ್ಮವ್ವನನ್ನು ನೋಡಿದಿರಿ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ಕೊಡಿ ಅಣ್ಣ" ಅಂದಿರಿ. ನಿಮ್ಮವ್ವನ ಕೈ ಹಿಡಿದು, "ಅವ್ವಾ, ಇವರು ನಿನಗೆ ಮಗ. ಬಿಡ್ಬೇಡ" ಅಂದಿರಿ.

ಇದಕ್ಕೇ ನನಗೆ ಕೋಪ. ಯಾಕೆ ಅಂದಿರಿ ಅಂತ ನನಗೆ ಗೊತ್ತು. ಗಂಡುಮಕ್ಕಳಿಲ್ಲದ ನಿಮ್ಮವ್ವನಿಗೆ ಒಬ್ಬ ಮಗ ಬೇಕಿತ್ತು. ನಿಮ್ಮ ನಂತರ ನಾನು ಇನ್ನೊಬ್ಬಳನ್ನು ಮದುವೆಯಾಗಬೇಕು, ಅದಕ್ಕೆ ನೀವು ಅಡ್ಡ ಇರಬಾರದು. ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿದಿರಿ, ಬುದ್ಧಿವಂತರು. ಆದರೆ ಪೂರ್ತಿ ಅರ್ಧ ವರ್ಷ ಆ ಮಾತಿನ ವಿರುದ್ಧ ವಾದ ಮಾಡಿದವರು ನೀವು. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ನನಗೆ ಬಿಡುಗಡೆ ಬೇಕಿರಲಿಲ್ಲ. ಕೆಳಗೆ ಹೋಗಿ ಆ ಕುರ್ಚಿಯಲ್ಲಿ ಒರಗಿದಾಗ ಮೊದಲ ಸಲ ನನಗೆ ಕಣ್ಣೀರು ಬಂತು. ಯಂತ್ರದ ಹುಡುಗಿ ಸೂಜಿ ನೋವಾಯಿತೇನೋ ಅಂತ ಕ್ಷಮೆ ಕೇಳಿದಳು.

ನನ್ನದು ನಿಂತಿತು, ಆದರೆ ಕಾಯಿಲೆ ನಿಲ್ಲಲಿಲ್ಲ. ಮತ್ತೆ ಕೊಟ್ಟೆ, ಮತ್ತೆ ಕೊಟ್ಟೆ. ಹತ್ತನೇ ತರಗತಿ ಪರೀಕ್ಷೆಗೆ ಮುಂಚಿನ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಸಾವಧಾನ್" ಅಂದಿದ್ದೆ. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಸೋಮಯ್ಯನವರು. ಕೇಳಿಸಿಕೊಂಡು ಫೋನ್ ಜೇಬಿಗಿಟ್ಟೆ. "ವಿಶ್ರಾಮ್" ಅನ್ನಬೇಕಿತ್ತು, ಬಾಯಿಂದ ಹೊರಡಲಿಲ್ಲ. ಇಡೀ ಶಾಲೆಯ ಮಕ್ಕಳು ಬಿಸಿಲಲ್ಲಿ ಹಾಗೇ ನೆಟ್ಟಗೆ ನಿಂತಿದ್ದವು. ಕಡೆಗೆ ಹೆಡ್‌ಮೇಷ್ಟ್ರು ಬಂದು ನನ್ನ ಕೈಹಿಡಿದು ಕರೆದುಕೊಂಡು ಹೋದರಂತೆ.

ಹೊಲದ ಬದುವಿನಲ್ಲಿ, ನಿಮ್ಮ ತಂದೆಯ ಪಕ್ಕದಲ್ಲಿ ನಿಮ್ಮನ್ನು ಮಣ್ಣು ಮಾಡಿದರು. ನಾನು ಹಿಡಿ ಮಣ್ಣು ಹಾಕುವಾಗ ತಲೆಗೆ ಒಂದು ಯೋಚನೆ ಬಂತು, ಇವತ್ತಿಗೂ ಬಿಟ್ಟಿಲ್ಲ. ಪ್ಲೇಟ್‌ಲೆಟ್ಟಿಗೆ ಒಂದು ವಾರದ ಆಯಸ್ಸು ಅಂತ ಲೆಕ್ಕ ಹೇಳಿಕೊಟ್ಟವರು ನೀವೇ. ನಾನು ಕಡೆಯ ಸಲ ಕೊಟ್ಟು ಇನ್ನೂ ವಾರ ತುಂಬಿರಲಿಲ್ಲ. ಅಂದರೆ ನಿಮ್ಮ ಉಸಿರು ನಿಂತಾಗಲೂ ನನ್ನದು ಅನ್ನುವುದು ನಿಮ್ಮೊಳಗೆ ಇತ್ತು. ಮಣ್ಣಿಗೆ ಹೋದದ್ದು ನೀವೊಬ್ಬರೇ ಅಲ್ಲ. ಅದಕ್ಕೇ ಇರಬೇಕು, ಬಿರುಬಿಸಿಲಲ್ಲಿ ಮೈದಾನದ ನಡುವೆ ನಿಂತಾಗಲೂ ಒಮ್ಮೊಮ್ಮೆ ಮೂಗಿಗೆ ಹಸಿಮಣ್ಣಿನ ವಾಸನೆ ಬಡಿಯುತ್ತದೆ. ಹುಡುಗರನ್ನು ಕೇಳಿದರೆ, ಇಲ್ಲ ಸಾರ್, ಮಳೆ ಎಲ್ಲಿ ಬಂತು ಅನ್ನುತ್ತವೆ.

ನಿಮ್ಮ ಮಾತನ್ನು ನಿಮ್ಮವ್ವ ಚಾಚೂ ತಪ್ಪದೆ ನಡೆಸಿದರು. ತಿಂಗಳಿಗೊಮ್ಮೆ ಪಾಂಡವಪುರಕ್ಕೆ ಬಂದು, ಕಡಲೆಕಾಯಿ, ಸೊಪ್ಪು ಕೊಟ್ಟು, "ಉಂಡಿದ್ದೀಯಪ್ಪ ಮಗ?" ಅಂತ ಕೇಳಿ ಹೋಗುತ್ತಾರೆ. ನಾನು ತೆಳ್ಳಗಾಗಿದ್ದೇನೆ ಅಂತ ಬೇಜಾರು. ಈಗ ನನಗೆ ಹೆಣ್ಣು ಹುಡುಕುತ್ತಿದ್ದಾರೆ. ನಾಗಮಂಗಲದ ಕಡೆ ಒಂದು ಹುಡುಗಿ ಇದೆಯಂತೆ, ಒಳ್ಳೆಯ ಗುಣವಂತೆ. ಅವರ ಬಾಯಿಂದ ಇದನ್ನು ಕೇಳುವಾಗ ನಾನು ನೆಲ ನೋಡುತ್ತೇನೆ. ಅವರನ್ನು ಅವ್ವ ಅಂತ ಕರೆಯಲು ನನಗೆ ಕಷ್ಟವೇ ಆಗಲಿಲ್ಲ ಮಿಸ್. ಕಷ್ಟ ಇನ್ನೊಂದು ಮಾತಿನದು.

ವರ್ಷ ತುಂಬದೆ ಎಡೆ ಇಡುವ ಹಾಗಿಲ್ಲವಂತೆ, ಹೀಗಾಗಿ ನಿಮಗೆ ಮೊದಲ ಎಡೆ ಮೊನ್ನೆ ಮಹಾಲಯ ಅಮಾವಾಸ್ಯೆಯಂದು. "ಒಡಹುಟ್ಟಿದೋನು ನೀನೇ ಬಂದು ಇಡ್ಬೇಕು" ಅಂತ ನಿಮ್ಮವ್ವ ಹೇಳಿಕಳಿಸಿದ್ದರು. ಹೋಗುವುದೋ ಬೇಡವೋ ಅಂತ ವಾರವೆಲ್ಲ ಒದ್ದಾಡಿದೆ. ಹೋದರೆ ಅಣ್ಣ. ಹೋಗದಿದ್ದರೆ ನಿಮ್ಮವ್ವನಿಗೆ ಮಗನೂ ಇಲ್ಲ. ಕೊನೆಗೆ ಕೃಷ್ಣರಾಜಪೇಟೆಯಲ್ಲಿ ಇಳಿದು, ಎಲೆಹಸಿರಿನ ಒಂದು ಸೀರೆ ತೆಗೆದುಕೊಂಡು ಹೋದೆ. ನಡುಮನೆಯಲ್ಲಿ ಸೀರೆ, ಬಳೆ, ಹೂವು. ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ಕಜ್ಜಾಯ, ಹೋಳು ಮಾಡಿದ ಸೀಬೆಕಾಯಿ. ನಾನೇ ಧೂಪ ಹಾಕಿದೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು, ಸತ್ತವರು ಬಂದು ಉಣ್ಣಲಿ ಅಂತ. ಯಾರೂ ಮಾತಾಡುವಂತಿಲ್ಲ. ಹಟ್ಟಿಯಲ್ಲಿ ಎಮ್ಮೆಯೊಂದು ಉಸಿರು ಬಿಡುವುದು ಕೇಳುತ್ತಿತ್ತು. ನನ್ನ ತುಟಿ ಜುಮುಜುಮು ಅನ್ನಲು ಶುರುವಾಯಿತು. ಸೂಜಿಯಿಲ್ಲ, ಯಂತ್ರವಿಲ್ಲ. ಮುಚ್ಚಿದ ಬಾಗಿಲಿನ ಆಚೆ ನೀವಿದ್ದೀರಿ ಅಂತ ನನಗೆ ಖಾತ್ರಿಯಾಯಿತು.

ಬಾಗಿಲು ತೆರೆಯುವ ಮೊದಲು ಎಡೆ ಇಟ್ಟವನು ಸತ್ತವರನ್ನು ಕೂಗಿ ಹೇಳಬೇಕು. ಅದು ನಿಮ್ಮ ಮನೆಯ ಪದ್ಧತಿ. ಸೋಮಯ್ಯನವರು ಮೊದಲೇ ಹೇಳಿಕೊಟ್ಟಿದ್ದರು. "ತಂಗವ್ವ, ಉಂಡ್ಯಾ, ಒಳಿಕ್ಕೆ ಬತ್ತೀವಿ ಅನ್ನು, ಅಷ್ಟೇಯ. ಎಸ್ರು ಇಡಿದು ಮಾತ್ರ ಕೂಗ್ಬ್ಯಾಡ. ಸಂಬಂಧ ಇಡಿದು ಕೂಗುದ್ರೆ ಉಂಡು ವೊಂಟೋಯ್ತಾರೆ, ಎಸ್ರಿಡಿದು ಕೂಗುದ್ರೆ ಒಸ್ಲಲ್ಲೇ ನಿಂತ್ಬುಡ್ತಾರೆ." ಬಾಗಿಲ ಮೇಲೆ ಕೈಯಿಟ್ಟು ನಿಂತೆ. ನೀವು ಆವತ್ತು ನನ್ನನ್ನು ಬಿಟ್ಟುಕೊಟ್ಟ ಹಾಗೆ ನಾನೂ ಒಂದು ಮಾತಿನಲ್ಲಿ ನಿಮ್ಮನ್ನು ಬಿಟ್ಟುಕೊಡಬೇಕು. ತಂಗಿ ಅನ್ನುತ್ತೇನೆ ಅಂತಲೇ ಹೋಗಿದ್ದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಭ್ಯಾಸವೂ ಮಾಡಿದ್ದೆ.

"ಪ್ರಮೀಳಾ" ಅಂದೆ.

ಸೋಮಯ್ಯನವರು ಎದ್ದು ನಿಂತು, "ಏನಪ್ಪಾ ಮಾಡ್ಬುಟ್ಟೆ, ತಂಗಿ ಅನ್ನು, ಬಿರ್ನೆ ಅನ್ನು" ಅಂದರು. ನಿಮ್ಮವ್ವ ಎದ್ದು ನನ್ನ ಹತ್ತಿರ ಬಂದರು. ನನ್ನನ್ನು ಬೈಯುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ ಅಂದುಕೊಂಡೆ. ಅವರು ನನ್ನ ತೋಳಿನ ಮೇಲೆ, ಸೂಜಿಯ ಗುರುತಿರುವ ಜಾಗದಲ್ಲಿ ಕೈಯಿಟ್ಟು, "ಇನ್ನೊಂದ್ಸಲ ಕೂಗಪ್ಪ" ಅಂದರು. "ನಿಂತ್ಬುಡ್ತಾಳೆ ಅಂತ ಎದ್ರಿ ಈ ಮನೇಲಿ ಅವಳ ಎಸ್ರು ಯಾರೂ ಎತ್ತಿಲ್ಲ. ನಂಗೆ ಅವಳು ನಿಂತ್ರೇ ಸೈ. ಕೂಗು."

ಕೂಗಿದೆ. ಜೋರಾಗಿ, ಮೈದಾನದ ಆ ತುದಿಗೆ ಕೇಳಿಸುವ ಹಾಗೆ ಕೂಗಿದೆ. ನನ್ನ ಜೊತೆ ನಿಮ್ಮವ್ವನೂ ಕೂಗಿದರು. ಆಮೇಲೆ ಅವರೇ ಬಾಗಿಲು ತಳ್ಳಿದರು. ಎಲೆಯ ಮೇಲೆ ಎಲ್ಲ ಇಟ್ಟ ಹಾಗೇ ಇತ್ತು.

ಪ್ರಮೀಳಾ, ನಾಳೆ ರಕ್ತನಿಧಿಯವರು ಕರೆದರೆ ಮತ್ತೆ ಹೋಗುತ್ತೇನೆ, ಯಾರೋ ಒಬ್ಬರಿಗೆ, ಅವರಿಗೆ ಯಾರೂ ಅಲ್ಲದವನಾಗಿ ಕೊಟ್ಟು ಬರುತ್ತೇನೆ. ನಿನಗೆ ನಾನು ಏನು ಅಂತ ಇನ್ನು ಯಾರೂ ಕೇಳುವುದಿಲ್ಲ. ನಿನಗೆ ಹೋಗಬೇಕು ಅನ್ನಿಸಿದ ದಿನ ಹೋಗು, ತಡೆಯುವುದಿಲ್ಲ. ಅಲ್ಲಿಯವರೆಗೆ ಆ ಹೊಸಿಲಲ್ಲೇ ಇರು, ನಿನಗೆ ನೋವಾಗುವುದಿಲ್ಲ. ಆವತ್ತಿನಿಂದ ಅವ್ವ ಹೊಸಿಲು ದಾಟುವಾಗ ಸೆರಗು ಒಟ್ಟುಮಾಡಿಕೊಂಡು, ನಿನಗೆ ಜಾಗ ಬಿಟ್ಟು, ಪಕ್ಕಕ್ಕೆ ಸರಿದು ದಾಟುತ್ತಾರೆ.

ನೆಮ್ಮದಿಯಾಗಿರು.

ನಿಂಗರಾಜು